ನಾಲ್ಕು ಮಗ್ಗಗಳನ್ನು ಪಾಲು ಮಾಡಿದ್ದು

ಮಧ್ಯಸ್ಥಿಕೆ ಮುಗಿದ ಮೇಲೆ ಟಿಪ್ಪಣಿಗಳನ್ನು ಹರಿದು ಹಾಕಬೇಕು. ಅದು ನಮ್ಮ ನಿಯಮ. ಕೋಣೆಯೊಳಗೆ ಯಾರು ಏನು ಹೇಳಿದರು ಎಂಬುದು ನ್ಯಾಯಾಧೀಶರಿಗೂ ತಿಳಿಯಕೂಡದು. ಅವರಿಗೆ ಹೋಗುವುದು ರಾಜಿಯಾಗಿದೆ ಅಥವಾ ಆಗಿಲ್ಲ ಎಂಬ ಒಂದು ಸಾಲು, ಆಗಿದ್ದರೆ ಜೊತೆಗೆ ಕರಾರು ಪತ್ರ. ಹೀಗಾಗಿ ಈ ಪ್ರಕರಣದ ಮಾತುಕತೆಗೆ ನನ್ನ ಹತ್ತಿರ ನೆನಪು ಬಿಟ್ಟು ಬೇರೆ ದಾಖಲೆ ಇಲ್ಲ, ಆ ನೆನಪನ್ನು ನಾನು ನಂಬುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ಸಂಗತಿಗಳನ್ನು ಬದಲಿಸಿ ಇದನ್ನು ಹಲವು ಸಲ ಬರೆದೆ. ಬರೆಯುತ್ತ ಬರೆಯುತ್ತ ಯಾವುದು ಬದಲಿಸಿದ್ದು, ಯಾವುದು ನಡೆದದ್ದು ಎಂಬ ಗೆರೆ ಮಾಸಿದೆ. ಮಗ್ಗಗಳು ನಾಲ್ಕು. ಗೋಡೆ ಒಂದು. ಇಷ್ಟನ್ನು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ.

ನಾನು ಜಮಖಂಡಿಯಲ್ಲಿ ವಕೀಲಿ ಮಾಡುತ್ತೇನೆ. ಕೋರ್ಟು ಕಳಿಸಿಕೊಡುವ ಗಂಡ-ಹೆಂಡಿರ ಪ್ರಕರಣಗಳಲ್ಲಿ ಮಧ್ಯಸ್ಥಗಾರ್ತಿಯಾಗಿ ಕೂಡುತ್ತೇನೆ. ಈ ಪ್ರಕರಣ ಬಂದದ್ದು ಬನಹಟ್ಟಿಯಿಂದ. ಮನೆಯ ಮುಂದಿನ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ ಹಾಕಿಕೊಂಡು, ಸಾವಕಾರ ಕೊಟ್ಟ ನೂಲಿನಿಂದ ಸೀರೆ ನೇಯ್ದು ಮಜೂರಿ ಪಡೆಯುವ ಗಂಡ-ಹೆಂಡತಿ. ಇಬ್ಬರಿಗೂ ನಲವತ್ತು ದಾಟಿತ್ತು. ಮಗಳೊಬ್ಬಳನ್ನು ಲೋಕಾಪುರಕ್ಕೆ ಕೊಟ್ಟಿದ್ದರು. ನಿಮ್ಮ ಜಗಳದಾಗ ನನ್ನ ಎಳೀಬ್ಯಾಡ್ರಿ ಎಂದು ಆಕೆ ಫೋನಿನಲ್ಲೇ ಕೈ ತೊಳೆದುಕೊಂಡಿದ್ದಳು. ವಿಚ್ಛೇದನಕ್ಕೆ ಅರ್ಜಿ ಹಾಕಿದ್ದು ಹೆಂಡತಿ. ಜೀವನಾಂಶ ಕೇಳಿರಲಿಲ್ಲ. ತನ್ನ ತವರಿನ ಬಂಗಾರ ಮಾರಿ ಕೊಂಡ ಎರಡು ಮಗ್ಗ ತನಗೆ ಬೇಕು, ಅವು ಬನಹಟ್ಟಿಯಲ್ಲೇ ನಡೆಯಬೇಕು, ಇದು ಆಕೆಯ ಬೇಡಿಕೆ.

ಮೊದಲ ದಿನ ಆಕೆಯ ಜೊತೆ ರಬಕವಿಯಿಂದ ಅಕ್ಕ ಬಂದಿದ್ದಳು. ಗಂಡ ಒಬ್ಬನೇ ಬಂದಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ನಮ್ಮ ಮೇಜು ದುಂಡಗಿನದು, ಯಾರೂ ತಲೆಯ ಕಡೆ ಕುಳಿತಂತೆ ಆಗಬಾರದೆಂದು. ದಂಪತಿಯನ್ನು ಎದುರುಬದುರು ಕೂಡಿಸಿ, ಪ್ರತಿ ಸಲ ಹೇಳುವ ಮಾತನ್ನು ಹೇಳಿದೆ: ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ, ನಾನು ತೀರ್ಪು ಕೊಡುವವಳಲ್ಲ, ದಾರಿ ನಿಮ್ಮದು.

"ದಾರಿ ಏನ್ ಉಳದೈತ್ರಿ?" ಎಂದ ಗಂಡ. "ಮಗ್ಗ ಅಂದ್ರ ತಾಟು-ಬಟ್ಟಲ ಏನ್ರಿ, ಗಂಟ ಕಟ್ಕೊಂಡ ತವರಮನಿಗಿ ಹೊತ್ಕೊಂಡ ಹೋಗಾಕ?"

"ಬಂಗಾರ ಇಸ್ಕೊಳ್ಳುಮುಂದ ನಿನಗ ಭಾರ ಆಗಿರಲಿಲ್ಲಲ್ಲ!" ಎಂದಳು ಅಕ್ಕ.

"ನೀ ಸುಮ್ನ ಕೂಡಬೇ. ನೀ ಕಟಗೊಂಡಾಕಿ ಅಲ್ಲ."

"ಶಿವಾ ಕಾಪಾಡಿದ."

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಅಂಜಿಕೆ ಇರಬೇಕು ಎಂದು ಬರೆದುಕೊಂಡೆ. ಬರೆದುಕೊಂಡೆ ಎಂದು ಈಗ ಅನ್ನಿಸುತ್ತದೆ.

ನಮ್ಮ ಕ್ರಮದಲ್ಲಿ ಜಂಟಿ ಭೇಟಿಯ ನಂತರ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತೇವೆ. ಒಬ್ಬಳೇ ಇದ್ದಾಗ ಆಕೆ ಬೇರೆಯೇ ಹೆಂಗಸು. ಮಾತು ಚೊಕ್ಕ, ಲೆಕ್ಕ ಬಾಯಿಪಾಠ.

"ತ್ಯಾರದಾಳದಾಗ ಅಣ್ಣನ ಮನಿ ಐತ್ರಿ. ಹ್ವಾದ್ರ ಬ್ಯಾಡ ಅನ್ನಂಗಿಲ್ಲ. ಆದ್ರ ಅಲ್ಲಿ ನಾ ಚಹಾ ಮಾಡಾಕಿ ಆಕ್ಕೀನಿ. ಇಲ್ಲಿ ನಾ ನೇಕಾರಾಕಿ. ಎರಡ ಮಗ್ಗ ಹೊಡದ್ರ ನನ್ನ ಹೊಟ್ಟಿಗಿ ಸಾಲ್ತೈತ್ರಿ."

ನಂತರ ಗಂಡನನ್ನು ಕರೆದೆ. ಅವನು ಹೊರಗೆ ಗುಡುಗಿದಷ್ಟು ಒಳಗೆ ಗುಡುಗಲಿಲ್ಲ. ಎರಡು ಮಗ್ಗದ ರೊಕ್ಕ ಆಕೆಯ ಬಂಗಾರದ್ದೆಂದು ಒಪ್ಪಿದ. "ಒಯ್ಯಲ್ರಿ. ಆದ್ರ ಎಲ್ಲಿ ಒಯ್ತಾಳ? ಮೀಟರ್ ನನ್ನ ಹೆಸರಿಲೆ ಐತಿ, ಶೆಡ್ ಅಪ್ಪ ಕಟ್ಟಿದ್ದು." ಹಾಗಾದರೆ ಅಲ್ಲೇ ಇರಲಿ, ಬಾಡಿಗೆಯಂತೆ ಏನಾದರೂ ಮಾಡೋಣವೆ ಎಂದೆ. "ಹೂಂ ಮಾಡ್ರಿ" ಎಂದ.

ಇಬ್ಬರನ್ನೂ ಮತ್ತೆ ಒಳಗೆ ಕರೆದು, ಒಪ್ಪಿದ್ದನ್ನು ಓದಿ ಹೇಳಿದೆ. ಗಂಡ ಸುಮ್ಮನಿದ್ದ. ಹೆಂಡತಿ ಅವನನ್ನು ನೋಡುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತ ಬ್ಯಾಡ್ರಿ ಮೇಡಮ್ರ" ಎಂದಳು. ಯಾಕೆಂದು ಕೇಳಿದರೆ ಸೆರಗಿನ ಅಂಚನ್ನು ನೋಡಿದಳು.

ಮುಂದಿನ ತಾರೀಖಿನಲ್ಲೂ ಹೀಗೇ ಆಯಿತು. ಅದರ ಮುಂದಿನದರಲ್ಲೂ. ಒಬ್ಬೊಬ್ಬರೇ ಇದ್ದಾಗ ಎಲ್ಲ ಕೂಡಿ ಬರುತ್ತಿತ್ತು. ಎದುರುಬದುರು ಕೂಡಿಸಿದೊಡನೆ, ಯಾರೂ ಒಂದು ಮಾತೂ ಆಡದೆ, ಕುಸಿದು ಬೀಳುತ್ತಿತ್ತು. ಗಂಡನ ವಕೀಲರು ನಕ್ಕರು: "ಆಕಿಗೇ ಬಿಡೂ ಮನಸ್ಸಿಲ್ರಿ ಮೇಡಂ. ನೀವು ಸುಳ್ಳ ತ್ರಾಸ ತೊಗೊಳ್ಳಾಕತ್ತೀರಿ." ಇರಬಹುದು ಎಂದುಕೊಂಡೆ. ರಾಜಿಯಾಗಿಲ್ಲ ಎಂದು ವರದಿ ಬರೆದು ವಾಪಸ್ಸು ಕಳಿಸುವ ವಿಚಾರವನ್ನೂ ಮಾಡಿದೆ. ವಾಪಸ್ಸು ಕಳಿಸಿದರೆ ಖಟ್ಲೆ ವರ್ಷಗಟ್ಟಲೆ ನಡೆಯುತ್ತದೆ, ಅಷ್ಟೂ ಕಾಲ ಆಕೆ ಅದೇ ಮನೆಯಲ್ಲಿರಬೇಕು, ಇಲ್ಲವೆ ಮಗ್ಗ ಬಿಟ್ಟು ಹೋಗಬೇಕು.

ಸಂಗತಿ ತಿಳಿಸಿದ್ದು ಅಕ್ಕ. ಕೋರ್ಟಿನ ಹೊರಗೆ ಚಹಾದಂಗಡಿಯ ಮುಂದೆ ನಿಂತಿದ್ದೆವು. ಅಥವಾ ವರಾಂಡದಲ್ಲಿ. ನನ್ನ ನೆನಪಿನಲ್ಲಿ ಕೈಯಲ್ಲಿ ಚಹಾದ ಕಪ್ಪಿದೆ, ಆದರೆ ನೆನಪು ಇಂಥ ಕಡೆ ತಾನೇ ಕಪ್ಪು ಇಡುತ್ತದೆ.

"ಇಷ್ಟ ಮಾತಾಡಿದ್ರಲ್ಲರೀ ಇವತ್ತ, ನೀವು ನಡುವ ಬಾಯಿ ಹಾಕಲೇ ಇಲ್ಲ," ಎಂದಳು.

"ಯಾರು ಮಾತಾಡಿದರು? ಇಬ್ಬರೂ ಸುಮ್ಮನೆ ಇದ್ದರಲ್ಲ."

ಅಕ್ಕ ನನ್ನನ್ನು ನೋಡಿದ ರೀತಿ ಚೆನ್ನಾಗಿ ನೆನಪಿದೆ. "ಅವ್ರ ಬಾಯಿ ನೋಡೂದಿಲ್ಲೇನ್ರಿ ನೀವು?"

ಬನಹಟ್ಟಿ, ರಬಕವಿಯ ಶೆಡ್ಡುಗಳಲ್ಲಿ ಮಗ್ಗ ನಡೆಯುವಾಗ ಕೂಗಿದರೂ ಪಕ್ಕದವರಿಗೆ ಕೇಳುವುದಿಲ್ಲ. ಹುಟ್ಟಿದಂದಿನಿಂದ ಆ ಸಪ್ಪಳದಲ್ಲೇ ಬೆಳೆದವರು ದನಿ ಹೊರಡಿಸುವುದಿಲ್ಲ, ತುಟಿಯಲ್ಲೇ ಮಾತಾಡುತ್ತಾರೆ. ಆ ತುದಿಯ ಮಗ್ಗದಿಂದ ಈ ತುದಿಗೆ ನೂಲು ಹರಿಯಿತು, ಊಟಕ್ಕೆ ಏಳು, ಹೊರಗೆ ಯಾರೋ ಬಂದರು, ಎಲ್ಲವೂ ತುಟಿಯಲ್ಲೇ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಈ ಊರುಗಳ ನಡುವೆಯೇ ಬದುಕಿದವಳು ನಾನು. ಆದರೆ ಸದ್ದಿಲ್ಲದ ಕೋಣೆಯಲ್ಲಿಯೂ ಜನ ಹಾಗೆ ಮಾತಾಡಬಹುದೆಂದು ಹೊಳೆದಿರಲಿಲ್ಲ.

"ಏನಂದ ಅವನು?"

"ಇನ್ನೇನಂತಾನ? 'ತಪ್ಪಾತು, ಮನಿಗಿ ನಡಿ.' ಪ್ರತಿ ಸಲ ಅದ. ಮಗ್ಗ ಚಾಲೂ ಇದ್ರ ಹತ್ತ ಸಲ ತಪ್ಪಾತಂತಾನ. ಮಗ್ಗ ಬಂದ್ ಆತಂದ್ರ ನಾಲಿಗಿ ಕುಡಗೋಲು. ಮಂದಿ ಮುಂದ ಆಕಿನ್ನ ಕಸದಂಗ ಮಾತಾಡ್ತಾನ. ಮತ್ತ ಮಗ್ಗ ಚಾಲೂ ಮಾಡಿ, ಆ ಕಡೆ ನಿಂತು, ತಪ್ಪಾತು. ಇಪ್ಪತ್ತ ವರ್ಷ ಆತ್ರಿ, ಈ ಹುಚ್ಚಿ ಆ ತುಟಿ ನೋಡಿ ನೋಡಿ ಕುಂತಳ."

ಹೆಂಡತಿಯನ್ನು ಒಬ್ಬಳನ್ನೇ ಕರೆದು ಕೇಳಿದೆ. ಆಕೆ ಅಲ್ಲಗಳೆಯಲಿಲ್ಲ.

"ಬಾಯಿಬಿಟ್ಟ ಒಮ್ಮಿ ಅನ್ನಲಿ ಅಂತ ಕಾದೇನ್ರಿ. ನನ್ನ ಅಣ್ಣನ ಮುಂದ ಬ್ಯಾಡ, ಅಕ್ಕನ ಮುಂದ ಬ್ಯಾಡ. ನಮ್ಮ ಪಡಸಾಲಿಯಾಗ, ಮಗ್ಗ ಬಂದ್ ಮಾಡಿ, ನನಗೊಬ್ಬಾಕಿಗೆ ಕೇಳೂವಂಗ ಅನ್ನಲಿ. ಅನ್ನಂಗಿಲ್ಲ. ಆದ್ರ ತುಟಿಲೆ ಅಂದ್ರ ನನಗ ಇಲ್ಲ ಅನ್ನಾಕ ಬರಂಗಿಲ್ರಿ."

ಗಂಡನನ್ನು ಕರೆದೆ. ಹೆಂಡತಿಗೆ ಹೇಳುವ ಮಾತನ್ನು ಬಾಯಿಬಿಟ್ಟೇ ಹೇಳಬಹುದಲ್ಲ ಎಂದೆ.

"ಯಾವ ಮಾತ್ರಿ?"

"ತಪ್ಪಾಯಿತು ಎನ್ನುವುದು."

ಅವನ ಕಿವಿ ಕೆಂಪಾದವು. "ಯಾರಂದ್ರು? ನಾ ಏನೂ ಅಂದಿಲ್ಲ. ನೀವು ಕೇಳಿದ್ರೇನು?"

ಕೇಳಿರಲಿಲ್ಲ. ಅದು ನಿಜವೇ.

ನನ್ನ ಮುಂದೆ ಎರಡು ದಾರಿಗಳಿದ್ದವು. ಅವರನ್ನು ಹಾಗೇ ಎದುರುಬದುರು ಬಿಟ್ಟರೆ ಆಕೆ ಪ್ರತಿ ಸಲ ಹಿಂದೆ ಸರಿದು ಅದೇ ಮನೆಗೆ, ಅದೇ ಬೈಗುಳಕ್ಕೆ ಹೋಗುತ್ತಾಳೆ. ಆಕೆ ಸ್ವತಂತ್ರವಾಗಿ ಒಪ್ಪಬೇಕಾದರೆ ಆ ತುಟಿಗಳು ಆಕೆಗೆ ಕಾಣಬಾರದು. ತರಬೇತಿಯಲ್ಲಿ ಕಕ್ಷಿದಾರರು ಒಬ್ಬರನ್ನೊಬ್ಬರು ನೋಡುವಂತೆ ಕೂಡಿಸಿ ಎಂದು ಹೇಳಿಕೊಟ್ಟಿದ್ದರು. ನಾನು ದುಂಡು ಮೇಜನ್ನು ಗೋಡೆಗೆ ಸರಿಸಿ, ಎರಡು ಕುರ್ಚಿಗಳನ್ನೂ ಕಿಟಕಿಯ ಕಡೆ ತಿರುಗಿಸಿ, ನಡುವೆ ಅಕ್ಕನನ್ನು ಕೂಡಿಸಿದೆ. ಅಕ್ಕ ದಪ್ಪಗಿದ್ದಳು.

"ನನ್ನ ಗ್ವಾಡಿ ಮಾಡಿದ್ರಿ ನೋಡ್ರಿ," ಎಂದು ಆಕೆ ನಕ್ಕಳು. ಗಂಡನೂ ನಕ್ಕ. ಆ ಕೋಣೆಯಲ್ಲಿ ಅವನು ನಕ್ಕದ್ದು ಆಗೊಮ್ಮೆಯೇ.

ಅಂದು ಎಲ್ಲ ಸರಸರ ನಡೆಯಿತು. ಶೆಡ್ಡಿನ ನಡುವೆ ಇಟ್ಟಂಗಿಯ ಗೋಡೆ. ಆ ಕಡೆ ಎರಡು ಮಗ್ಗ, ಈ ಕಡೆ ಎರಡು. ಆಕೆಯ ಭಾಗಕ್ಕೆ ಓಣಿಯ ಕಡೆಯಿಂದ ಬೇರೆ ಬಾಗಿಲು, ಹಿಂದೆ ಒಂದು ಕೋಣೆ, ಅದು ಆಕೆಯ ವಾಸಕ್ಕೆ. ಕರೆಂಟಿನ ಬಿಲ್ಲು ಅರ್ಧರ್ಧ. ಗೋಡೆಯ ಖರ್ಚು ಅರ್ಧರ್ಧ. ಗೋಡೆ ಎಷ್ಟು ಎತ್ತರ ಎಂಬ ಪ್ರಶ್ನೆ ಬಂತು. ಚಾವಣಿಯ ತಗಡಿನವರೆಗೂ ಎಂದು ಆಕೆ ಹೇಳಿದಳು. ಬಹಳ ಕಾಲ ನಾನು ಹೀಗೆ ನೆನಪಿಟ್ಟುಕೊಂಡಿದ್ದೆ. ಈಗ ಆ ದನಿಯನ್ನು ಕೇಳಿಸಿಕೊಳ್ಳಲು ಯತ್ನಿಸಿದರೆ ನನ್ನದೇ ದನಿ ಕೇಳುತ್ತದೆ.

ಕೊನೆಗೆ, ಇಂಥ ಎಲ್ಲ ಕರಾರಿಗೂ ಸೇರಿಸುವ ಒಂದು ಕಲಮು ಸೇರಿಸಿದೆ. ಒಬ್ಬರ ಭಾಗದೊಳಗೆ ಇನ್ನೊಬ್ಬರು ಕಾಲಿಡತಕ್ಕದ್ದಲ್ಲ, ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಯಾವ ರೀತಿಯಿಂದಲೂ ಕೈ ಹಾಕತಕ್ಕದ್ದಲ್ಲ. ಓದಿ ಹೇಳಿದೆ. ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ "ಹೂಂರಿ" ಎಂದರು. ಸಹಿಯಾಯಿತು.

ಅರ್ಜಿ ಪರಸ್ಪರ ಒಪ್ಪಿಗೆಯದಾಯಿತು, ಕಾಯುವ ಅವಧಿ ಮುಗಿಯಿತು, ವಿಚ್ಛೇದನ ಸಿಕ್ಕಿತು. ಜೀವನಾಂಶದ ಹಗ್ಗಜಗ್ಗಾಟವಿಲ್ಲದೆ, ಹೆಂಗಸಿಗೆ ದುಡಿಮೆಯ ಸಾಧನವೇ ಕೈಗೆ ಬಂದ ಕರಾರು. ಬಾರ್ ರೂಮಿನಲ್ಲಿ ಒಬ್ಬಿಬ್ಬರು "ಪಾಲು ಅಂದ್ರ ಹಿಂಗ ಆಗಬೇಕು ನೋಡ್ರಿ" ಎಂದರು. ಮುಧೋಳದ ಒಬ್ಬ ವಕೀಲರು ಕಲಮುಗಳನ್ನು ಹೇಗೆ ಕೂಡಿಸಿದಿರಿ ಎಂದು ಕೇಳಿದರು. ನನಗೂ ಹಿಗ್ಗಾಗಿತ್ತು.

ಬೇಸಿಗೆಯಲ್ಲಿ ಆಕೆ ಒಬ್ಬಳೇ ನನ್ನ ಆಫೀಸಿಗೆ ಬಂದಳು. ಕರಾರಿನ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದಳು. ಬಲಗೈಯ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಇದನ್ನ ಮತ್ತೊಮ್ಮಿ ಓದಿ ಹೇಳ್ರಿ. ಎಲ್ಲೆರ ಅಂವ ತಪ್ಪ್ಯಾನೇನು ನೋಡ್ರಿ. ಕೇಸ್ ಹಾಕೂನು."

ಒಂದೊಂದೇ ಕಲಮು ಓದಿದೆ. ಗೋಡೆ ಕಟ್ಟಿಸಿದ್ದಾನೆಯೆ? ಕಟ್ಟಿಸಿದ್ದಾನೆ, ತಗಡಿನವರೆಗೂ. ಬಾಗಿಲು? ಇಡಿಸಿದ್ದಾನೆ. ಬಿಲ್ಲು? ಅರ್ಧ ಕೊಡುತ್ತಾನೆ, ಕೇಳುವ ಮುಂಚೆಯೇ. ಬೈಯುತ್ತಾನೆಯೆ? ಇಲ್ಲ, ಮಾತೇ ಇಲ್ಲ. ಒಳಗೆ ಬರುತ್ತಾನೆಯೆ?

"ಅದ ತ್ರಾಸ ಆಗೈತ್ರಿ. ಬರಂಗಿಲ್ಲ."

ನನಗೆ ತಿಳಿಯಲಿಲ್ಲ. ಆಕೆ ವಿವರಿಸಿದಳು. ಹಾಸಿನ ನೂಲು ಸುತ್ತಿದ ಬೀಮು ಬಲು ಭಾರ. ಒಂದು ಹಾಸು ನೇಯ್ದು ಮುಗಿದಾಗ ಹೊಸ ಬೀಮನ್ನು ಎತ್ತಿ ಮಗ್ಗದ ಹಿಂದೆ ಕೂಡಿಸಬೇಕು. ಇಬ್ಬರು ಎತ್ತಬೇಕು, ಈ ತುದಿಗೊಬ್ಬರು ಆ ತುದಿಗೊಬ್ಬರು. ಒಬ್ಬಳ ಕೈಯಲ್ಲಿ ಆಗದ ಕೆಲಸ. ಕೂಲಿಯವರನ್ನು ಕರೆದರೆ ಒಂದು ಬೀಮು ಎತ್ತಲು ಯಾರೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಬಂದರೆ ಅರ್ಧ ದಿನದ ಪಗಾರ ಕೇಳುತ್ತಾರೆ. ಒಮ್ಮೆ ಒಬ್ಬಳೇ ಎತ್ತಲು ಹೋಗಿ ಕೈ ಉಳುಕಿತ್ತು.

"ಬೀಮ ಬಾಗಲದಾಗ ಇಳಿಸಿ ಟೆಂಪೋ ಹ್ವಾತು. ಅಂವ ತನ್ನ ಕಟ್ಟಿ ಮ್ಯಾಲ ನಿಂತ ನೋಡಾಕತ್ತಿದ್ದ. ನಾನೂ ನೋಡಿದೆ. ಬಾ ಅಂತ ಅಂದೆ."

"ತುಟಿಯಲ್ಲೆ?"

"ಬಾಯಿಬಿಟ್ಟ ಅಂದೆನ್ರಿ. 'ಕಾಗದದಾಗ ಇಲ್ಲ' ಅಂದ. ಅದೂ ಖರೇನ ಐತಿ."

ಗಂಡನ ಕಡೆಯೂ ಅದೇ ಕಥೆಯಂತೆ. ಅವನ ಬೀಮು ಎತ್ತಲು ಇನ್ನೊಬ್ಬರಿಲ್ಲ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವರಿಲ್ಲ. ನಾಲ್ಕು ಮಗ್ಗವಿದ್ದಾಗ ಒಬ್ಬರು ಉಣ್ಣಲು ಎದ್ದರೆ ಇನ್ನೊಬ್ಬರು ನಾಲ್ಕನ್ನೂ ನೋಡಿಕೊಳ್ಳುತ್ತಿದ್ದರು. ಈಗ ಉಣ್ಣಲು ಎದ್ದರೆ ಮಗ್ಗ ನಿಲ್ಲಿಸಬೇಕು. ಹೊತ್ತಿಗೆ ಸೀರೆ ಮುಟ್ಟುವುದಿಲ್ಲವೆಂದು ಸಾವಕಾರ ಇಬ್ಬರಿಗೂ ನೂಲು ಕೊಡುವುದನ್ನು ಕಡಿಮೆ ಮಾಡಿದ್ದ.

"ಬೀಮಿಗೆ ಇಬ್ಬರು ಬೇಕೆಂದು ನಿಮಗೆ ಗೊತ್ತಿತ್ತಲ್ಲ," ಎಂದೆ. ಸ್ವಲ್ಪ ಸಿಟ್ಟಿನಿಂದಲೇ ಅಂದಿರಬೇಕು. "ಸಹಿ ಮಾಡುವ ಮುಂಚೆ ಇಬ್ಬರಲ್ಲಿ ಒಬ್ಬರಾದರೂ ಹೇಳಬಾರದಿತ್ತೆ?"

ಆಕೆ ವಿಚಾರ ಮಾಡಿದಳು. "ಗೊತ್ತಿತ್ರಿ. ಅಂವಗೂ ಗೊತ್ತಿತ್ತು. ನಾ ಅನ್ಲಿ ಅಂತ ಅಂವ ಕಾದನೋ, ಅಂವ ಅನ್ಲಿ ಅಂತ ನಾ ಕಾದೆನೋ. ಎದುರಿಗಿ ಕುಂತಿದ್ರ ಒಬ್ಬರಿಗೊಬ್ಬರು ಅಂದೇ ಅಂತಿದ್ವಿ."

ಕರಾರಿಗೆ ತಿದ್ದುಪಡಿ ಮಾಡಬಹುದು, ಬೀಮು ಎತ್ತುವಷ್ಟಕ್ಕೆ ಪರಸ್ಪರ ಸಹಾಯ ಎಂದು ಒಂದು ಕಲಮು ಸೇರಿಸಬಹುದು ಎಂದೆ. ಗಂಡನಿಗೆ ಫೋನು ಹಚ್ಚಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಕಾಗದದಾಗ ಬರದು ಬೀಮ ಎತ್ತಸ್ತೀರೇನ್ರಿ?" ಎಂದ. "ಬ್ಯಾಡ ಬಿಡ್ರಿ. ನಾ ಮಗ್ಗ ಮಾರಾಕತ್ತೀನಿ."

ನಾನು ಇದನ್ನು ಹೇಳಿದಾಗ ಆಕೆ ಚೀಲದಲ್ಲಿ ಕಾಗದ ಇಡುತ್ತಿದ್ದಳು. ಕೈ ನಿಲ್ಲಲಿಲ್ಲ. "ಹಂಗಾದ್ರ ತಪ್ಪಿದಾವ್ರು ಯಾರೂ ಇಲ್ಲ ಅನ್ರಿ," ಎಂದಳು.

ಮಗ್ಗಗಳನ್ನು ಕೇಳಿಕೊಂಡು ಬಂದವನು ಮಹಾಲಿಂಗಪುರದ ಕಡೆಯ ವ್ಯಾಪಾರಿ. ನಾಲ್ಕೂ ಕೂಡಿ ಕೊಟ್ಟರೆ ಒಂದು ದರ, ಎರಡೇ ಆದರೆ ಬೇರೆ. ಬಿಚ್ಚಿ ತುಂಡು ಮಾಡಿ ಕೊಟ್ಟರೆ ಗುಜರಿಯ ದರ. ಆಕೆ ಬಹಳ ದಿನ ತಡೆದಳು. ಸಾವಕಾರನಿಂದ ಆಕೆಗೆ ಬರುವ ನೂಲು ಪೂರಾ ನಿಂತಿತು. ರಬಕವಿಯಲ್ಲಿ ಅಕ್ಕನ ಮನೆಯ ಹತ್ತಿರ ಒಂದು ಶೆಡ್ಡಿನಲ್ಲಿ ಕಂಡಿಕೆ ಸುತ್ತುವ ಕೆಲಸ ಸಿಗುತ್ತದೆಂದಾಗ ಆಕೆಯೂ ಹೂಂ ಎಂದಳು. ಆದರೆ ಆಕೆಯ ಭಾಗಕ್ಕೆ ಇಡಿಸಿದ್ದ ಬಾಗಿಲು ಮನುಷ್ಯರು ಓಡಾಡುವಷ್ಟು ಅಗಲದ್ದು. ನಿಂತ ಮಗ್ಗ ಅದರಲ್ಲಿ ಹೊರಬರುವುದಿಲ್ಲ. ಅಗಲ ಬಾಗಿಲು ಗಂಡನ ಕಡೆಗಿತ್ತು. ಗೋಡೆ ಒಡೆಯಬೇಕು. ಒಡೆಯುವ ಕೂಲಿ ಯಾರದು ಎಂದು ಕರಾರಿನಲ್ಲಿರಲಿಲ್ಲ.

ಇಬ್ಬರೂ ಬೇರೆ ಬೇರೆಯಾಗಿ ನನಗೆ ಫೋನು ಮಾಡಿದರು. ನೀವು ಬಂದು ನಿಂತರೆ ತಂಟೆ ಆಗುವುದಿಲ್ಲ ಎಂದರು. ಅದು ನನ್ನ ಕೆಲಸವಲ್ಲ, ರಾಜಿಯ ವರದಿ ಹೋಗಿ ಎಷ್ಟೋ ಕಾಲವಾಗಿತ್ತು. ಹೋದೆ.

ಆ ಶೆಡ್ಡನ್ನು ನಾನು ಮೊದಲ ಸಲ ಕಣ್ಣಾರೆ ನೋಡಿದ್ದು ಆಗ. ಕಾಗದದ ಮೇಲೆ ಎಷ್ಟು ಸಲ ಅಳೆದಿದ್ದೆನೋ! ನಾನು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ಗೋಡೆ ಮಗ್ಗಗಳಿಗೆ ಎಷ್ಟು ಹತ್ತಿರವಿತ್ತೆಂದರೆ, ಒಳಮಗ್ಗದ ಹಿಂದೆ ಹೋಗಲು ಆಕೆ ಅಡ್ಡವಾಗಿ ನುಸುಳಬೇಕಿತ್ತು.

ಗೌಂಡಿ ಬಂದಿರಲಿಲ್ಲ. ಗಂಡ ತಾನೇ ಸುತ್ತಿಗೆ ಹಿಡಿದಿದ್ದ. "ಕೂಲಿ ಬ್ಯಾಡ. ನಾ ಒಡೀತೀನಿ," ಎಂದ, ನನ್ನ ಕಡೆ ನೋಡಿ. ಆಕೆಗೆ ಕೇಳುವಷ್ಟು ಜೋರಾಗಿಯೇ ಅಂದ.

"ಅರ್ಧಾ ಕೂಲಿ ನಾ ಕೊಡತೀನಿ ಅಂತ ಹೇಳ್ರಿ," ಎಂದಳು ಆಕೆ ಗೋಡೆಯ ಆಚೆಯಿಂದ, ಅವಳೂ ನನಗೆ.

"ಬ್ಯಾಡ ಅಂದ್ನೆಲ್ಲರೀ."

"ಕಟ್ಟುಮುಂದ ಅರ್ಧಾ ಕೊಟ್ಟೇನಿ. ಒಡಿಯೂಮುಂದೂ ಕೊಡತೀನಿ."

ಅವನು ಒಡೆಯತೊಡಗಿದ. ಮೇಲಿನ ಸಾಲುಗಳು ಬಿದ್ದಾಗ ಅವಳು ಆ ಬದಿಯಲ್ಲಿ ನಿಂತಿದ್ದು ಕಾಣಿಸಿತು. ಧೂಳು ಅಡಗಿದ ಮೇಲೆ ಅವನು ಕೈ ನಿಲ್ಲಿಸಿ ಆಕೆಯನ್ನು ನೋಡಿದ. ಅವನ ತುಟಿ ಅಲುಗಿದವು. ನಾನು ಈ ಸಲ ಗಮನವಿಟ್ಟು ನೋಡುತ್ತಿದ್ದೆ, ಆದರೂ ಓದಲು ಬರಲಿಲ್ಲ. ಆಕೆ ಮುಖ ತಿರುಗಿಸಿ ಟೆಂಪೋದವನಿಗೆ ಇನ್ನೂ ಸ್ವಲ್ಪ ಹಿಂದಕ್ಕೆ ತಗೋ ಎಂದು ಕೂಗಿದಳು.

ಮಗ್ಗಗಳು ಹೋದವು. ವ್ಯಾಪಾರಿ ರೊಕ್ಕವನ್ನು ನನ್ನ ಮುಂದೆಯೇ ಇಬ್ಬರಿಗೂ ಸಮನಾಗಿ ಕೊಟ್ಟ. ಉಳಿದದ್ದು ನೆಲದ ಮೇಲಿನ ಇಟ್ಟಂಗಿ. ಒಡೆಯದೆ ಉಳಿದವು ಬಹಳ ಇದ್ದವು, ಹೊಸವೇ.

"ಇವನ್ನೂ ಅರ್ಧಾ ಮಾಡ್ರಿ ಮತ್ತ," ಎಂದಳು ತಂಗಿಯನ್ನು ಕರೆದೊಯ್ಯಲು ಬಂದಿದ್ದ ಅಕ್ಕ. ಕುಚೋದ್ಯಕ್ಕೆ ಅಂದದ್ದು. ಯಾರೂ ನಗಲಿಲ್ಲ. ಗಂಡ ನನ್ನನ್ನು ನೋಡಿದ. ಆಕೆಯೂ ನೋಡಿದಳು. ಇಬ್ಬರೂ ನಾನು ಹೇಳುವುದಕ್ಕೆ ಕಾಯುತ್ತಿದ್ದರು.

ಅರ್ಧ ಮಾಡಿ ಎಂದೆ. ಖರ್ಚು ಇಬ್ಬರದೂ ಆಗಿತ್ತು, ಬೇರೆ ಏನು ಹೇಳಬಹುದಿತ್ತೋ ತಿಳಿಯದು. ಇಬ್ಬರೂ ಬಗ್ಗಿ ಇಟ್ಟಂಗಿ ಆರಿಸತೊಡಗಿದರು. ಅವನು ತನ್ನವನ್ನು ಅಗಲ ಬಾಗಿಲ ಕಡೆ, ಆಕೆ ತನ್ನವನ್ನು ಚಿಕ್ಕ ಬಾಗಿಲ ಕಡೆ ಒಟ್ಟಿದರು. ಎರಡು ಗುಂಪಿಗಳೂ ಸಮ ಬಂದವು. ಆಕೆ ಕೈ ಝಾಡಿಸಿಕೊಂಡು ತನ್ನ ಗುಂಪಿಯನ್ನು ನೋಡುತ್ತ ನಿಂತಳು.

"ಎಲ್ಲಿ ಒಯ್ತೀಬೇ ಇವನ್ನ?" ಎಂದಳು ಅಕ್ಕ.

ಆಕೆಗೆ ಒಯ್ಯಲು ಜಾಗವಿರಲಿಲ್ಲ. ರಬಕವಿಯ ಬಸ್ಸಿಗೆ ಹೊತ್ತಾಗಿತ್ತು. ಗುಂಪಿಯ ಮೇಲಿನ ಒಂದು ಇಟ್ಟಂಗಿಯನ್ನು ಅಲುಗದಂತೆ ಸರಿಪಡಿಸಿ, ಆಕೆ ಅಕ್ಕನ ಜೊತೆ ಹೊರಟಳು.